ರಜ್ಜುಸರ್ಪ ನ್ಯಾಯ, ಲಂಡನ್ ಶಾಖೆ

ಮಬ್ಬುಗತ್ತಲಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆಚ್ಚುವವನ ದೃಷ್ಟಾಂತವನ್ನು ನಮ್ಮ ವೇದಾಂತಿಗಳು ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ; ದೀಪ ತಂದೊಡನೆ ಭ್ರಮೆ ಹರಿಯಿತು ಎಂಬಲ್ಲಿಗೆ ಅವರ ಪಾಠ ಮುಗಿಯುತ್ತದೆ. ದೀಪ ಬರುವ ಮೊದಲೇ ಹಗ್ಗಕ್ಕೆ ಗುಂಡು ಹೊಡೆದಾಗಿದ್ದರೆ ಏನು ಗತಿ ಎಂಬುದನ್ನು ಅವರು ಯೋಚಿಸಿರಲಿಲ್ಲ. ಆ ಕೊರತೆಯನ್ನು, ಅಸಹಜ ಸಾವು ಹೇಗಾಯಿತೆಂದು ಕೇಳುವ ಇಂಗ್ಲೆಂಡಿನ ಮರಣ ವಿಚಾರಣೆಗಳು ತುಂಬಿಕೊಟ್ಟಿವೆ.

2005ರ ಜುಲೈ 22ರಂದು ಲಂಡನ್ನಿನ ಸ್ಟಾಕ್‌ವೆಲ್ ನಿಲ್ದಾಣದಲ್ಲಿ, ರೈಲು ಹತ್ತಿದ್ದ ಬ್ರೆಜಿಲ್‌ನ 27 ವರ್ಷದ ಎಲೆಕ್ಟ್ರಿಷಿಯನ್ ಡಿ ಮೆನೆಜೆಸ್ ಅವರನ್ನು ಆತ್ಮಾಹುತಿ ಬಾಂಬರ್ ಎಂದು ಬಗೆದು ಪೊಲೀಸರು ಅವರ ತಲೆಗೆ ಏಳು ಗುಂಡು ಹೊಡೆದರು. ಶಂಕಿತನೊಬ್ಬನಿಗಾಗಿ ಅವರ ಮನೆಯ ಕಟ್ಟಡವನ್ನು ಕಾಯುತ್ತಿದ್ದ ಪೊಲೀಸ್ ಗೂಢಚರ, ಅವರು ಹೊರಬಂದ ಹೊತ್ತಿಗೆ ಸರಿಯಾಗಿ ಮೂತ್ರ ಮಾಡುತ್ತಿದ್ದುದರಿಂದ ಅವರ ಚಿತ್ರ ತೆಗೆಯಲಾಗಲಿಲ್ಲ. (ಪ್ರಕೃತಿಯ ಕರೆಗೆ ಓಗೊಟ್ಟವರನ್ನು ದೂರುವುದು ಸಜ್ಜನರ ಲಕ್ಷಣವಲ್ಲ, ಬಿಡಿ.) 2007ರಲ್ಲಿ ಲಂಡನ್ ಪೊಲೀಸ್ ಇಲಾಖೆ ತಪ್ಪಿತಸ್ಥ ಎಂದೇನೋ ತೀರ್ಪಾಯಿತು, ಆದರೆ ಕೊಲೆಗಲ್ಲ, ಕಾರ್ಖಾನೆಯ ನೆಲದಲ್ಲಿ ಚೆಲ್ಲಿದ ಎಣ್ಣೆಯ ಮೇಲೆ ಯಾರಾದರೂ ಜಾರಿಬಿದ್ದರೆ ಮಾಲೀಕನನ್ನು ಹಿಡಿದು ಕೇಳುವ 1974ರ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆಯ ಅಡಿಯಲ್ಲಿ. ದಂಡ 1,75,000 ಪೌಂಡ್. ತೆರಿಗೆದಾರರ ಎಡಜೇಬಿನಿಂದ ತೆಗೆದು ಅವರದೇ ಬಲಜೇಬಿಗೆ ಹಾಕಲಾಯಿತು.

ಮರುವರ್ಷ ಮರಣ ವಿಚಾರಣೆ ನಡೆದದ್ದು ಓವಲ್ ಕ್ರಿಕೆಟ್ ಮೈದಾನದ ಸಭಾಂಗಣದಲ್ಲಿ. ಸ್ಥಳಮಹಿಮೆ ಇರಬೇಕು, ಆಟದ ನಿಯಮವನ್ನೂ ಕೊಂಚ ತಿದ್ದಲಾಯಿತು: 'ಅಕ್ರಮ ಹತ್ಯೆ' ಎಂಬ ತೀರ್ಮಾನವನ್ನು ಕೊಡಕೂಡದೆಂದು, ವಿಚಾರಣೆ ನಡೆಸುವ ಅಧಿಕಾರಿಯಾದ ಕೊರೋನರ್ ಜ್ಯೂರಿಗೆ ಮೊದಲೇ ತಾಕೀತು ಮಾಡಿದರು. ಅಂದರೆ ಅಂಪೈರ್ 'ನಾಟೌಟ್' ಎನ್ನಬಹುದು, 'ಹೇಳಲಾರೆ' ಎನ್ನಬಹುದು, ಬೆರಳನ್ನು ಮಾತ್ರ ಎತ್ತುವಂತಿಲ್ಲ. ಗುಂಡು ಹೊಡೆದ ಅಧಿಕಾರಿ 'ಪೊಲೀಸ್' ಎಂದು ಕೂಗಿ ಎಚ್ಚರಿಸಿದ್ದು ನಿಜವೇ ಎಂಬ ಪ್ರಶ್ನೆಗೆ ಜ್ಯೂರಿ ಇಲ್ಲವೆಂದಿತು. ಸತ್ತವರು ಅವರತ್ತ ಮುನ್ನುಗ್ಗಿದರೇ ಎಂಬುದಕ್ಕೂ ಇಲ್ಲವೆಂದಿತು. ಇಷ್ಟೆಲ್ಲ ಇಲ್ಲಗಳನ್ನು ಕೂಡಿಸಿದರೆ ಬಂದ ಉತ್ತರ, 8-2 ಬಹುಮತದಿಂದ, 'ಹೇಳಲಾರೆವು'.

2011ರಲ್ಲಿ ಲಂಡನ್ನಿನ ಟಾಟೆನ್‌ಹ್ಯಾಮ್‌ನಲ್ಲಿ ಪೊಲೀಸರ ಗುಂಡೇಟಿಗೆ ಬಲಿಯಾದ ಮಾರ್ಕ್ ಡಗ್ಗನ್ ಪ್ರಕರಣದಲ್ಲಂತೂ ಈ ಅದ್ವೈತ ಪೂರ್ಣಸಿದ್ಧಿಯನ್ನೇ ಪಡೆಯಿತು. ಪಿಸ್ತೂಲನ್ನು ಅವರು ಆಗಲೇ ಎಸೆದಿದ್ದರು, ಗುಂಡು ತಗುಲಿದಾಗ ಅವರ ಕೈಯಲ್ಲಿ ಅದು ಇರಲಿಲ್ಲ ಎಂದು ಒಪ್ಪಿದ ಜ್ಯೂರಿಯೇ 2014ರಲ್ಲಿ ಅದನ್ನು ಕಾನೂನುಬದ್ಧ ಹತ್ಯೆ ಎಂದಿತು. ಪಿಸ್ತೂಲು ಇತ್ತೆಂದು ಅಧಿಕಾರಿ ಪ್ರಾಮಾಣಿಕವಾಗಿ ನಂಬಿದ್ದರೆ ಸಾಕು. ಹಾವು ಇರಬೇಕಾದದ್ದು ನೋಡಿದವನ ಕಣ್ಣಿನಲ್ಲೇ ಹೊರತು ನೆಲದ ಮೇಲಲ್ಲ.

ಎಲ್ಲ ಜ್ಯೂರಿಗಳೂ ಇಷ್ಟು ವಿಧೇಯವಲ್ಲ. 1999ರಲ್ಲಿ ಲಂಡನ್ನಿನ ಹ್ಯಾಕ್ನಿಯ ಹ್ಯಾರಿ ಸ್ಟ್ಯಾನ್ಲಿ ಎಂಬ ಪೇಂಟರ್, ರಿಪೇರಿಯಾದ ಮೇಜಿನ ಕಾಲೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಮನೆಗೆ ನಡೆದಿದ್ದರು. ಅದು ಬಂದೂಕೆಂದು ಯಾರೋ ಫೋನ್ ಮಾಡಿದರು, ಪೊಲೀಸರು ಬಂದು ಹೊಡೆದರು. ಮೊದಲ ಜ್ಯೂರಿ 'ಹೇಳಲಾರೆವು' ಎಂದಿತ್ತು; 2004ರಲ್ಲಿ ಎರಡನೆಯ ಜ್ಯೂರಿ ಇದನ್ನು ಅಕ್ರಮ ಹತ್ಯೆ ಎಂದೇಬಿಟ್ಟಿತು. ಇಬ್ಬರು ಅಧಿಕಾರಿಗಳು ಅಮಾನತಾದದ್ದೇ ತಡ, ಅವರ ನೂರಕ್ಕೂ ಹೆಚ್ಚು ಸಹೋದ್ಯೋಗಿಗಳು ಮುನಿಸಿಕೊಂಡು ಬಂದೂಕು ಕೆಳಗಿಟ್ಟರು. ಲಂಡನ್ನಿನ ಮೇಜುಗಳು ಅಷ್ಟು ನಿರಾಳವಾಗಿ ಉಸಿರಾಡಿದ್ದು ಅದೇ ಮೊದಲಿರಬೇಕು. ಮರುವರ್ಷ ಹೈಕೋರ್ಟ್ ಆ ತೀರ್ಮಾನವನ್ನು ರದ್ದುಮಾಡಿ ಪ್ರಕರಣವನ್ನು ಮತ್ತೆ 'ಹೇಳಲಾರೆವು'ಗೆ ತಂದು ನಿಲ್ಲಿಸಿತು.

ಹಾಗಾಗಿ ಹ್ಯಾಕ್ನಿಯಲ್ಲಿ ಮೇಜಿನ ಕಾಲು ರಿಪೇರಿ ಮಾಡಿಸುವವರು, ಅದನ್ನು ಇಡೀ ಮೇಜಿನ ಸಮೇತವೇ ತಲೆಯ ಮೇಲೆ ಹೊತ್ತು ತರುವುದು ಕ್ಷೇಮ.