ಸ್ಪಂಜನ್ನು ನಳದ ಕೆಳಗೆ ತೊಳೆಯಲು ಹೇಳಿದ್ದು ಯಾರು?

ಬಣ್ಣದ ಮೀನು ಮಾರುವ ಆ ಅಂಗಡಿಯವನು ನನ್ನ ಬಾಟಲಿಯನ್ನು ಅಷ್ಟು ಜನರ ಎದುರು ಎತ್ತಿ ಹಿಡಿಯಬಾರದಿತ್ತು. ಮನೆಗೆ ಬಂದು ಇಷ್ಟು ಹೊತ್ತಾದರೂ ಸಿಟ್ಟು ಇಳಿದಿಲ್ಲ, ಊಟವೂ ಸೇರಲಿಲ್ಲ. ಮೀನು ಸತ್ತದ್ದೇಕೆಂದು ನೋಡಿ ಹೇಳಲಿ ಎಂದು ಮೀನಿನ ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತುಂಬಿಸಿ, ಫಿಲ್ಟರಿನ ಸ್ಪಂಜನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಿದ್ದೆ. ಆತ ಬಾಟಲಿಯನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು, ಒಮ್ಮೆ ಅಲುಗಾಡಿಸಿ, ನನ್ನತ್ತ ನೋಡದೆ ಪಕ್ಕದ ಗಿರಾಕಿಗಳತ್ತ ತಿರುಗಿ, “ಇದು ನೀರೋ, ಗಂಜಿ ತಿಳಿಯೋ?” ಎಂದು ಕೇಳಿದ. ಅವರೆಲ್ಲ ನಕ್ಕರು. ಆಮೇಲೆ ಚೀಲದ ಗಂಟು ಬಿಚ್ಚಿ, ಸ್ಪಂಜನ್ನು ಎರಡು ಬೆರಳಲ್ಲಿ ಎತ್ತಿ, ಇನ್ನೊಂದು ಕೈಯಿಂದ ಮೂಗು ಮುಚ್ಚಿಕೊಂಡು, “ಅಕ್ಕೋರೇ, ನಿಮಗೆ ಮೀನು ಸಾಕೂಕೆ ಬರೂದಿಲ್ಲ, ಪ್ಲಾಸ್ಟಿಕ್ ಮೀನು ಇಟ್ಕೊಳ್ಳಿ” ಎಂದ. ನಮ್ಮ ಶಾಲೆಯ ಹುಡುಗನೊಬ್ಬ ಅಪ್ಪನ ಕೈ ಹಿಡಿದು ಅಲ್ಲೇ ನಿಂತಿದ್ದ. ಅಪ್ಪ ನಕ್ಕರು, ಹುಡುಗ ನಗಲಿಲ್ಲ, ತಲೆ ತಗ್ಗಿಸಿ ನೆಲ ನೋಡಿದ. ಉಳಿದವರ ನಗುವಿಗಿಂತ ಆ ಮಗು ನನಗಾಗಿ ನಾಚಿಕೊಂಡದ್ದೇ ಹೆಚ್ಚು ಚುಚ್ಚಿತು. “ಹೀಗೆ ಮಾಡಿ ಎಂದು ಹೇಳಿದವರು ನೀವೇ ಅಲ್ಲವೇ?” ಎಂಬ ಮಾತು ಗಂಟಲಿನವರೆಗೆ ಬಂದು ಅಲ್ಲಿಯೇ ನಿಂತಿತು.

ಹೇಳಿದ್ದು ಆತನೇ. ಸ್ಪಂಜನ್ನು ವಾರಕ್ಕೊಮ್ಮೆ ನಳದ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ತೊಳೆಯಿರಿ, ನೀರು ಮಬ್ಬಾದರೆ ಪೂರ್ತಿ ಚೆಲ್ಲಿ ಹೊಸದು ತುಂಬಿಸಿ ಎಂದು, ಹಣ ಎಣಿಸಿಕೊಳ್ಳುತ್ತಲೇ ಹೇಳಿದ್ದ. ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಮತ್ತು ಎತ್ತರದ ತೊಟ್ಟಿಯನ್ನು ಅಂಚಿನವರೆಗೆ ತುಂಬಿಸಿದರೂ ಹಿಡಿಯುವುದು ಸುಮಾರು 56 ಲೀಟರ್. ಅದಕ್ಕೆ ಆತ ಕೊಟ್ಟದ್ದು ಆರು ಗೋಲ್ಡ್ ಫಿಶ್. ಹೊಟ್ಟೆಯ ಚೀಲವೇ ಇಲ್ಲದ, ತಿಂದದ್ದೆಲ್ಲ ಬೇಗನೆ ಹೊರಗೆ ಬರುವ, ಬೆಳೆದರೆ 20 ಸೆಂಟಿಮೀಟರ್ ದಾಟಬಲ್ಲ ಆ ಮೀನು ಅಷ್ಟು ನೀರಿನಲ್ಲಿ ಆರು ಇರಬಾರದೆಂದು ಮಾರುವವನಿಗೆ ಗೊತ್ತಿರಬೇಕಲ್ಲವೇ?

ಫಿಲ್ಟರ್ ಎಂದರೆ ಕಸ ಹಿಡಿಯುವ ಜರಡಿ ಮಾತ್ರವಲ್ಲ. ಮೀನಿನ ಹಿಕ್ಕೆಯಿಂದ, ಕಿವಿರಿನಿಂದ, ತಿನ್ನದೆ ಉಳಿದು ಕೊಳೆಯುವ ಆಹಾರದಿಂದ ಮೀನಿಗೆ ವಿಷವಾದ ಅಮೋನಿಯಾ ಹುಟ್ಟುತ್ತದೆ. ಆ ಸ್ಪಂಜಿನಲ್ಲಿ ನೆಲೆಸುವ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೈಟನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪುರಸಭೆ, ನಗರಸಭೆಗಳ ನಳದ ನೀರಿಗೆ ಕ್ಲೋರಿನ್ ಹಾಕುವುದೇ ಬ್ಯಾಕ್ಟೀರಿಯಾ ಸಾಯಲಿ ಎಂದು. ಅದರ ಕೆಳಗೆ ಸ್ಪಂಜನ್ನು ಹಿಂಡಿ ಹಿಂಡಿ ತೊಳೆಯಿರಿ ಎಂದರೆ, ಪ್ರತಿ ವಾರವೂ ಮೊದಲಿನಿಂದ ಆರಂಭಿಸಿ ಎಂದೇ ಅರ್ಥ. ತೊಟ್ಟಿಯಿಂದ ತೆಗೆದ ನೀರಿನದೇ ಬಾಲ್ದಿಯಲ್ಲಿ ಎರಡು ಸಲ ಅದ್ದಿ ಹಿಂಡಿದರೆ ಸಾಕು, ವಾರಕ್ಕೆ ಕಾಲು ಭಾಗ ನೀರು ಬದಲಿಸಿದರೆ ಸಾಕು ಎಂಬ ಎರಡು ವಾಕ್ಯಗಳನ್ನು ಆತ ಅಂದೇ ಹೇಳಿದ್ದರೆ, ನನ್ನ ಎರಡು ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಏದುಸಿರು ಬಿಡುತ್ತಾ ಸಾಯುತ್ತಿರಲಿಲ್ಲ.

ಮಳೆಗಾಲದ ಮಾತಂತೂ ಬೇಡವೇ ಬೇಡ. ಗಾಳಿ ಜೋರಾದರೆ ಸಾಕು, ಕರೆಂಟು ಹೋಗುತ್ತದೆ. ಪಂಪು ನಿಂತು ಗಂಟೆಗಳು ಕಳೆದರೆ ಸ್ಪಂಜಿನೊಳಗೆ ನಿಂತ ನೀರಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ, ಕರೆಂಟು ಮರಳಿದೊಡನೆ ಆ ಕೊಳಕೆಲ್ಲ ತೊಟ್ಟಿಗೆ ಬಂದು ಬೀಳುತ್ತದೆ. ಕಾರವಾರದಲ್ಲಿ ಮೀನು ಮಾರುವವರಿಗೆ ಇದೂ ಗೊತ್ತಿಲ್ಲವೆಂದರೆ ನಂಬುವುದು ಹೇಗೆ? ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ಕಲಿಸುವ ಸ್ನಾತಕೋತ್ತರ ಕೇಂದ್ರವಿರುವ ಊರು ಇದು. ಇಲ್ಲಿ ಬಣ್ಣದ ಮೀನು ಕೊಳ್ಳುವವರ ಕೈಗೆ ಕನ್ನಡದಲ್ಲಿ ಬರೆದ ಒಂದು ಚೀಟಿ ಕೊಡಬೇಕೆಂದು ಯಾರಿಗೂ ಅನ್ನಿಸಲಿಲ್ಲವೇ? ಯಾರಾದರೂ ಉತ್ತರ ಕೊಡಿ.

ಆ ಅಂಗಡಿಯ ಮೆಟ್ಟಿಲನ್ನು ಇನ್ನು ತುಳಿಯುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ಆದರೆ ಮೀನಿನ ಆಹಾರ ಮುಗಿಯುತ್ತಾ ಬಂದಿದೆ, ಅದಕ್ಕಾಗಿ ಹುಬ್ಬಳ್ಳಿಗೋ ಮಡಗಾಂವಿಗೋ ಹೋಗಲಾಗುವುದಿಲ್ಲ. ಬಹುಶಃ ಮತ್ತೆ ಅಲ್ಲಿಗೇ ಹೋಗುತ್ತೇನೆ, ಆತ ಏನೂ ನಡೆದೇ ಇಲ್ಲವೆಂಬಂತೆ “ಬನ್ನಿ ಅಕ್ಕೋರೇ” ಎನ್ನುತ್ತಾನೆ, ನಾನೂ ಸುಮ್ಮನೆ ಹಣ ಕೊಟ್ಟು ಬರುತ್ತೇನೆ. ಇಲ್ಲ, ಈ ಸಲ ಸುಮ್ಮನಿರುವುದಿಲ್ಲ. ಅಂಗಡಿಯಲ್ಲಿ ಜನ ತುಂಬಿರುವ ಹೊತ್ತು ನೋಡಿಯೇ ಹೋಗಿ, ನಳದ ಕೆಳಗೆ ತೊಳೆಯಲು ಹೇಳಿದ್ದು ಯಾರೆಂದು ಎಲ್ಲರೆದುರು ಕೇಳುತ್ತೇನೆ. ಅಷ್ಟರೊಳಗೆ ಉಳಿದ ನಾಲ್ಕನ್ನು ಉಳಿಸಿಕೊಳ್ಳಬೇಕು. ಕರೆಂಟು ಹೋದಾಗ ನಡೆಯುವ ಬ್ಯಾಟರಿಯ ಏರ್ ಪಂಪು ಕಾರವಾರದಲ್ಲೋ ಅಂಕೋಲೆಯಲ್ಲೋ ಬೇರೆ ಯಾರ ಬಳಿಯಾದರೂ ಸಿಗುತ್ತದೆಯೇ, ತಿಳಿದವರು ದಯವಿಟ್ಟು ಇಂದೇ ಹೇಳಿ.