ಅಲೆಕ್ಸಾಂಡರನ ಕತೆ ಯಾರ ಬಾಯಲ್ಲಿ?

ಅಲೆಕ್ಸಾಂಡರನ ಪುಸ್ತಕ, ಸಿನಿಮಾಗಳ ಹುಚ್ಚು ಹಿಡಿದವರು ನಾಲ್ಕು ಜನ ಸೇರಿದರೆ ಮಾತು ಬೇಗ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ: "ಅದು ಹಾಗೆ ನಡೆದಿದ್ದೇ ಅಲ್ಲ." ಆ ಯುದ್ಧ ಕಾಡಿನಲ್ಲಿ ಆಗಿದ್ದಲ್ಲ, ಆ ಬಾಣ ತಗುಲಿದ್ದು ಅಲ್ಲಲ್ಲ, ಸಿನಿಮಾದಲ್ಲಿ ಅಲೆಕ್ಸಾಂಡರ್ ಆದ ಕಾಲಿನ್ ಫೆರೆಲ್ ತಲೆಗೂದಲು ನೋಡೋಕಾಗಲ್ಲ. ಈ ತಕರಾರುಗಳನ್ನು ನಾನೂ ಖುಷಿಯಿಂದ ಎತ್ತುತ್ತೇನೆ. ಆದರೆ ಅಲೆಕ್ಸಾಂಡರನ ವಿಷಯದಲ್ಲಿ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಕತೆಯನ್ನು ಯಾರು ಹೇಳುತ್ತಿದ್ದಾರೆ? ಹೇಳುವವನು ನಮ್ಮ ಕಣ್ಣಿಗೆ ಬೀಳುತ್ತಾನಾ? ಬಿದ್ದರೆ ಆ ಪುಸ್ತಕದ, ಆ ಸಿನಿಮಾದ ಅರ್ಧ ತಪ್ಪನ್ನು ನಾನು ಮನ್ನಿಸಿಬಿಡುತ್ತೇನೆ.

ಯಾಕೆ ಅಂದರೆ, ಅಲೆಕ್ಸಾಂಡರ್ ಬ್ಯಾಬಿಲೋನಿನಲ್ಲಿ ಸತ್ತಿದ್ದು ಕ್ರಿ.ಪೂ. 323ರ ಜೂನ್‌ನಲ್ಲಿ. ಅವನ ಜೊತೆ ನಡೆದವರು, ಅವನ ಡೇರೆಯಲ್ಲಿ ಕೂತು ಉಂಡವರು ಸಾಕಷ್ಟು ಬರೆದಿದ್ದರು. ಅದರಲ್ಲಿ ಒಂದು ಪುಸ್ತಕವೂ ಇಡಿಯಾಗಿ ನಮಗೆ ಸಿಕ್ಕಿಲ್ಲ. ಇವತ್ತು ಅವನ ಜೀವನದ ಕತೆಗೆ ಆಧಾರವಾಗಿ ಉಳಿದಿರುವುದು ಮುಖ್ಯವಾಗಿ ಗ್ರೀಕ್, ಲ್ಯಾಟಿನ್‌ನಲ್ಲಿ ಬರೆದ ಐವರ ಬರಹ: ಡಯೊಡೊರಸ್, ಕರ್ಟಿಯಸ್, ಪ್ಲುಟಾರ್ಕ್, ಏರಿಯನ್, ಜಸ್ಟಿನ್. ಇವರಲ್ಲಿ ಎಲ್ಲರಿಗಿಂತ ಹಳಬ ಡಯೊಡೊರಸ್. ಅವನು ಬರೆಯುವ ಹೊತ್ತಿಗೇ ಅಲೆಕ್ಸಾಂಡರ್ ಸತ್ತು ಹತ್ತಿರ ಹತ್ತಿರ 300 ವರ್ಷ ಆಗಿತ್ತು.

ನಮ್ಮ ಮನೆಮನೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಒಂದು ಕತೆ ಎಲ್ಲರಿಗೂ ಗೊತ್ತು. ಸಾಯುವಾಗ ಅಲೆಕ್ಸಾಂಡರ್ ಮೂರು ಆಸೆ ಹೇಳಿದನಂತೆ: ಶವಪೆಟ್ಟಿಗೆಯನ್ನು ವೈದ್ಯರೇ ಹೊರಬೇಕು, ದಾರಿಯುದ್ದಕ್ಕೂ ಚಿನ್ನ ಚೆಲ್ಲಬೇಕು, ಖಾಲಿ ಕೈ ಹೊರಗೆ ಕಾಣಬೇಕು. ಈ ಐವರಲ್ಲಿ ಯಾರೊಬ್ಬರೂ ಇದನ್ನು ಬರೆದಿಲ್ಲ. "ಗೆಲ್ಲಲು ಇನ್ನು ಜಗತ್ತೇ ಉಳಿದಿಲ್ಲ ಎಂದು ಅತ್ತ" ಅನ್ನುವ ಮಾತಂತೂ ಪೂರ್ತಿ ತಿರುವುಮುರುವು. ಪ್ಲುಟಾರ್ಕ್ ಒಂದು ಪ್ರಬಂಧದಲ್ಲಿ ಹೇಳುವುದು ಬೇರೆ: ಲೋಕಗಳು ಲೆಕ್ಕವಿಲ್ಲದಷ್ಟಿವೆ ಎಂದು ತತ್ವಜ್ಞಾನಿ ಅನಕ್ಸಾರ್ಕಸ್ ಹೇಳಿದ್ದನ್ನು ಕೇಳಿ, ನಾವಿನ್ನೂ ಒಂದಕ್ಕೂ ಒಡೆಯರಾಗಿಲ್ಲವಲ್ಲ ಎಂದು ಅಲೆಕ್ಸಾಂಡರ್ ಅತ್ತನಂತೆ. ಬೇಸರದ ಸಂಗತಿ ಏನೆಂದರೆ, ಕತೆ ಹೇಳಿದವನ ಹೆಸರು ಅಳಿಸಿದ ಕೂಡಲೇ ಅಲೆಕ್ಸಾಂಡರ್ ನಮ್ಮೂರ ಪ್ರವಚನಕ್ಕೆ ಒದಗುವ ಒಂದು ಉದಾಹರಣೆ ಮಾತ್ರ ಆಗಿಬಿಡುತ್ತಾನೆ.

ಜಗಳ ಮೊದಲ ಪೀಳಿಗೆಯಲ್ಲೇ ಶುರುವಾಗಿತ್ತು. ದಂಡಯಾತ್ರೆಯ ಕತೆ ಬರೆಯಲೆಂದು ಅಲೆಕ್ಸಾಂಡರ್ ಜೊತೆಗೆ ಕರೆದುಕೊಂಡು ಹೋಗಿದ್ದು ಅರಿಸ್ಟಾಟಲ್‌ನ ಬಂಧು ಕ್ಯಾಲಿಸ್ತನೀಸ್‌ನನ್ನು. ಮುಂದೆ ರಾಜನ ಎದುರು ಸಾಷ್ಟಾಂಗ ಬೀಳುವ ಪದ್ಧತಿಯನ್ನು ಅವನು ಒಪ್ಪಲಿಲ್ಲ. ಆಮೇಲೆ ಒಂದು ಪಿತೂರಿಯಲ್ಲಿ ಹೆಸರು ಸಿಕ್ಕಿಸಿ ಅವನನ್ನು ಬಂಧಿಸಿದರು. ಹೇಗೆ ಸತ್ತ? ಹಿಂಸೆ ಕೊಟ್ಟು ನೇಣು ಹಾಕಿದರು ಎನ್ನುತ್ತಾನೆ ಟಾಲೆಮಿ, ಮುಂದೆ ಈಜಿಪ್ಟಿನ ರಾಜನಾದ ಸೇನಾನಿ. ಸಂಕೋಲೆಯಲ್ಲಿ ಅಲೆದಾಡಿ ಕಾಯಿಲೆಯಿಂದ ಸತ್ತ ಎನ್ನುತ್ತಾನೆ ಅರಿಸ್ಟೊಬುಲಸ್. ಇಬ್ಬರೂ ಅದೇ ದಂಡಿನಲ್ಲಿ ಇದ್ದವರು! ಇಬ್ಬರನ್ನೂ ನಂಬಿ ತನ್ನ ಪುಸ್ತಕ ಕಟ್ಟಿದ ಏರಿಯನ್, ಕಣ್ಣಾರೆ ಕಂಡವರೂ ಒಂದೇ ಮಾತು ಹೇಳುತ್ತಿಲ್ಲವಲ್ಲ ಎಂದು ಎರಡನ್ನೂ ಬರೆದಿಟ್ಟ. ಆ ಒಂದು ಪ್ಯಾರಾಕ್ಕೋಸ್ಕರ ನನಗೆ ಏರಿಯನ್ ಮೇಲೆ ಬಹಳ ಗೌರವ.

ಇನ್ನೊಂದು ಪ್ರಸಂಗವನ್ನು ಪ್ಲುಟಾರ್ಕ್ ಹೇಳುತ್ತಾನೆ. ಅಮೆಜಾನ್ ಎಂಬ ದಂತಕತೆಯ ಹೆಣ್ಣು ಯೋಧರ ರಾಣಿ ಅಲೆಕ್ಸಾಂಡರನನ್ನು ಹುಡುಕಿಕೊಂಡು ಬಂದ ಕತೆಯನ್ನು, ದಂಡಿನ ಜೊತೆ ಹೋಗಿದ್ದ ಒನೆಸಿಕ್ರಿಟಸ್ ತನ್ನ ಪುಸ್ತಕದಿಂದ ಓದಿ ಹೇಳುತ್ತಿದ್ದಾನೆ. ಎದುರಿಗೆ ಕೇಳುತ್ತಾ ಕೂತವನು ಲೈಸಿಮಾಕಸ್, ಅಲೆಕ್ಸಾಂಡರನ ಹಳೇ ಒಡನಾಡಿ, ಅಷ್ಟೊತ್ತಿಗೆ ತಾನೇ ರಾಜ. ಕೇಳಿ ಮೆಲ್ಲಗೆ ನಕ್ಕು, "ಹೌದಾ, ಆಗ ನಾನೆಲ್ಲಿದ್ದೆ?" ಎಂದನಂತೆ.

ಈಗ ಸಿನಿಮಾಗಳಿಗೆ ಬರುತ್ತೇನೆ. 1956ರ ರಿಚರ್ಡ್ ಬರ್ಟನ್ ಚಿತ್ರ ಗಂಭೀರವಾಗಿದೆ, ಮಾತು ಜಾಸ್ತಿ, ಅಪ್ಪ ಫಿಲಿಪ್ಪನ ಭಾಗ ಚೆನ್ನಾಗಿದೆ. ಅದನ್ನು ಅಷ್ಟಕ್ಕೇ ಬಿಡೋಣ. ಎಲ್ಲರೂ ಬೈಯುವುದು 2004ರ ಆಲಿವರ್ ಸ್ಟೋನ್ ಚಿತ್ರವನ್ನು. ನಾನು ಅದರ ಪರ. ಹತ್ತು ವರ್ಷದಲ್ಲಿ ಆ ಮನುಷ್ಯ ಅದೇ ಸಿನಿಮಾವನ್ನು ನಾಲ್ಕು ರೂಪದಲ್ಲಿ ಹೊರತಂದ. ಒಬ್ಬ ನಿರ್ದೇಶಕ ತನ್ನ ಕತೆಯನ್ನು ಹೀಗೆ ಬಿಡದೆ ತಿದ್ದುತ್ತಲೇ ಹೋಗುವುದು ನನಗೆ ದೊಡ್ಡ ಸಂಗತಿ. ಪರ್ಷಿಯಾದ ದೊರೆ ದಾರಿಯುಶನ ಎದುರು ನಡೆದ ಗಾಗಮೇಲ ಯುದ್ಧದ ದೂಳನ್ನು ನೋಡಿ. ಪಕ್ಕದವನು ಕಾಣದಷ್ಟು ದೂಳು, ಎಡದ ಪಡೆಗೆ ಬಲದ ಪಡೆ ಏನಾಯಿತೆಂದು ಗೊತ್ತಿಲ್ಲ. ಈ ದೂಳಿನ ಮಾತು ಹಳೆಯ ಗ್ರಂಥಗಳಲ್ಲೇ ಇದೆ. ಚಿತ್ರಕ್ಕೆ ಸಲಹೆಗಾರರಾಗಿದ್ದ ಇತಿಹಾಸಕಾರ ರಾಬಿನ್ ಲೇನ್ ಫಾಕ್ಸ್, ತಮ್ಮನ್ನು ಅಶ್ವದಳದ ಜೊತೆ ಕುದುರೆ ಓಡಿಸಲು ಬಿಡಬೇಕು ಎಂದು ಕೇಳಿ ಪಡೆದಿದ್ದರು. ಅಲೆಕ್ಸಾಂಡರನ ಮೇಲೆ ದಪ್ಪ ಪುಸ್ತಕ ಬರೆದ ಪ್ರಾಧ್ಯಾಪಕರು ಮೊರೊಕ್ಕೊದ ಬಯಲಿನಲ್ಲಿ ಅದೇ ದೂಳಿನೊಳಗೆ ನುಗ್ಗಿದರು. ಇಂಥ ಪ್ರೀತಿ ನನ್ನನ್ನು ಕರಗಿಸಿಬಿಡುತ್ತದೆ.

ಆದರೆ ನಾನು ಆ ಚಿತ್ರವನ್ನು ಮೆಚ್ಚಲು ಮುಖ್ಯ ಕಾರಣ ಅಲೆಕ್ಸಾಂಡ್ರಿಯಾದಲ್ಲಿ ಕೂತ ಮುದುಕ ಟಾಲೆಮಿ. ಆಂಥೊನಿ ಹಾಪ್ಕಿನ್ಸ್ ಆ ಪಾತ್ರ ಮಾಡಿದ್ದಾರೆ. ಇಡೀ ಕತೆಯನ್ನು ಅವನು ಬರಹಗಾರನಿಗೆ ಹೇಳಿ ಬರೆಸುತ್ತಾನೆ. ಕೊನೆಗೆ, ಅಲೆಕ್ಸಾಂಡರನ ಸಾವಿನಲ್ಲಿ ನಮ್ಮೆಲ್ಲರ ಕೈಯೂ ಇತ್ತು ಅನ್ನುವ ಅರ್ಥದ ಮಾತು ಬಾಯಿಂದ ಜಾರುತ್ತದೆ. ಮರುಕ್ಷಣವೇ ಅದನ್ನು ಎಸೆದುಬಿಡು, ಜ್ವರದಿಂದ ಸತ್ತ ಅಂತ ಬರೆ ಎನ್ನುತ್ತಾನೆ. ಈ ಪ್ರಸಂಗ ಸ್ಟೋನ್‌ನ ಕಲ್ಪನೆ, ನಿಜ. ಆದರೆ ನಮ್ಮ ಕೈಗೆ ಬಂದ ಇತಿಹಾಸ ತಯಾರಾದ ಬಗೆ ಇದೇ ಎಂದು ಒಂದೇ ನಿಮಿಷದಲ್ಲಿ ತೋರಿಸಿದ ಇನ್ನೊಂದು ಸಿನಿಮಾ ನನಗೆ ಗೊತ್ತಿಲ್ಲ. ಟಾಲೆಮಿ ರಾಜ, ರಾಜನಾದವನು ಸುಳ್ಳು ಹೇಳಿದರೆ ಉಳಿದವರಿಗಿಂತ ಹೆಚ್ಚು ನಾಚಿಕೆಗೇಡು, ಹಾಗಾಗಿ ಅವನನ್ನು ನಂಬುತ್ತೇನೆ ಎಂದು ಏರಿಯನ್ ತನ್ನ ಪುಸ್ತಕದ ಮೊದಲಲ್ಲೇ ಬರೆದಿದ್ದಾನೆ. ಅದನ್ನು ಓದಿ ಈ ದೃಶ್ಯ ನೋಡಿದರೆ ಮೈ ಜುಮ್ಮೆನ್ನುತ್ತದೆ.

ಅದೇ ಚಿತ್ರದ ಮೇಲೆ ನನಗಿರುವ ಸಿಟ್ಟು ಝೇಲಂ ನದಿಯದ್ದು. ಕ್ರಿ.ಪೂ. 326ರಲ್ಲಿ ಪಂಜಾಬಿನ ರಾಜ ಪೋರಸ್ ಜೊತೆ ಅಲ್ಲಿ ನಡೆದ ಯುದ್ಧವನ್ನು ಸ್ಟೋನ್ ಒಂದು ಕಾಡಿನೊಳಗೆ ತಳ್ಳಿ, ಮುಂದೆ ಮಲ್ಲರು ಎಂಬ ಜನರ ಕೋಟೆಯಲ್ಲಿ ಅಲೆಕ್ಸಾಂಡರನ ಎದೆಗೆ ನಾಟಿದ ಬಾಣವನ್ನು ಇಲ್ಲಿಗೇ ತಂದು, ಪೋರಸ್‌ನಿಗೆ ಒಂದು ಮಾತೂ ಕೊಡದೆ ಮುಗಿಸಿದ. ಏನೇನು ಕಳೆದುಹೋಯಿತು ನೋಡಿ. ತುಂಬಿದ ಹೊಳೆ. ಆಚೆ ದಡದಲ್ಲಿ ಆನೆಗಳು, ಅವುಗಳನ್ನು ಕಂಡರೆ ಕುದುರೆಗಳು ತೆಪ್ಪದ ಮೇಲೆ ನಿಲ್ಲುವುದಿಲ್ಲ. ಅಲೆಕ್ಸಾಂಡರ್ ಪ್ರತಿ ರಾತ್ರಿ ದಡದುದ್ದಕ್ಕೂ ಕುದುರೆ ಓಡಿಸಿ ಗದ್ದಲ ಎಬ್ಬಿಸುತ್ತಾನೆ. ಪೋರಸ್ ಪ್ರತಿ ಸಲವೂ ಆನೆ ಸಮೇತ ಎದುರಿಗೆ ಬಂದು ನಿಲ್ಲುತ್ತಾನೆ, ಕೊನೆಗೊಂದು ದಿನ ಇದು ಬರೀ ಗದ್ದಲ ಎಂದು ಬರುವುದನ್ನು ನಿಲ್ಲಿಸುತ್ತಾನೆ. ಆಗ ಗುಡುಗು ಮಳೆಯ ಒಂದು ರಾತ್ರಿ, ಪಾಳೆಯದಿಂದ ಸುಮಾರು 27 ಕಿಲೋಮೀಟರ್ ಮೇಲೆ, ಮರಗಳಿಂದ ಮುಚ್ಚಿದ ಒಂದು ದ್ವೀಪದ ಮರೆಯಲ್ಲಿ ಹೊಳೆ ದಾಟುತ್ತಾರೆ. ದಾಟಿ ನೋಡಿದರೆ ಅದು ದಡವೇ ಅಲ್ಲ, ಇನ್ನೊಂದು ದ್ವೀಪ! ಮುಂದೆ ಮತ್ತೊಂದು ಸೀಳು, ರಾತ್ರಿ ಮಳೆಗೆ ಉಕ್ಕಿದೆ. ಕಾಲಾಳುಗಳಿಗೆ ಎದೆಮಟ್ಟ ನೀರು, ಕುದುರೆಗಳ ತಲೆ ಮಾತ್ರ ಮೇಲೆ. ಮೊದಲು ಎದುರಾದವನು ಪೋರಸ್‌ನ ಮಗ. ಅವನ ಜೊತೆ 60 ರಥ ಎನ್ನುತ್ತಾನೆ ಅರಿಸ್ಟೊಬುಲಸ್. 2,000 ಕುದುರೆ, 120 ರಥ ಎನ್ನುತ್ತಾನೆ ಟಾಲೆಮಿ. ಇಲ್ಲೂ ಜಗಳ!

ಆಮೇಲಿನದು ಕೆಸರು. ರಥದ ಗಾಲಿ ಹೂತವು. ನಮ್ಮ ಬಿಲ್ಲುಗಾರರು ಉದ್ದನೆಯ ಬಿಲ್ಲನ್ನು ನೆಲಕ್ಕೆ ಊರಿ ಹೂಡುವವರು, ಜಾರುವ ನೆಲದಲ್ಲಿ ಬಿಲ್ಲು ನಿಲ್ಲಲಿಲ್ಲ ಎಂದು ಕರ್ಟಿಯಸ್ ಬರೆಯುತ್ತಾನೆ. ಪೋರಸ್ ಕೊನೆಯವರೆಗೂ ಆನೆಯ ಮೇಲಿದ್ದು, ಬಲ ಭುಜಕ್ಕೆ ಗಾಯವಾದ ಮೇಲೆಯೇ ಹಿಂದೆ ತಿರುಗಿದ. ಶರಣಾಗು ಎಂದು ಹೇಳಲು ಬಂದವನು ತಕ್ಷಶಿಲೆಯ ರಾಜ, ಹಳೆಯ ವೈರಿ. ಅವನನ್ನು ಕಂಡದ್ದೇ ಪೋರಸ್ ಈಟಿ ಹಿಡಿದು ಮೇಲೇರಿ ಹೋದ. ರಾಜನನ್ನು ರಾಜನಂತೆ ನಡೆಸಿಕೋ ಎಂಬ ಮಾತು ನಾವೆಲ್ಲ ಶಾಲೆಯಲ್ಲಿ ಓದಿದ್ದೇ. ಅದಕ್ಕಿಂತ ಈ ಈಟಿ ನನಗೆ ಹೆಚ್ಚು ಇಷ್ಟ. ಪೋರಸ್ ಗೆದ್ದ, ಪಾಶ್ಚಾತ್ಯರು ಮುಚ್ಚಿಟ್ಟರು ಎಂದು ವಾದಿಸುವ ಗೆಳೆಯರಿಗೆ ನಾನು ಹೇಳುವುದಿಷ್ಟೇ: ಆ ಕಾಲದ ಭಾರತದ ಯಾವ ಗ್ರಂಥವೂ ಈ ಯುದ್ಧದ ಹೆಸರೆತ್ತಿಲ್ಲ. ಪೋರಸ್‌ನ ಶೌರ್ಯ ನಮಗೆ ಗೊತ್ತಾಗಿದ್ದೇ ಅವನನ್ನು ಸೋಲಿಸಿದವರ ಕಡೆಯವರು ಬರೆದಿಟ್ಟಿದ್ದರಿಂದ.

1941ರಲ್ಲಿ ಸೊಹ್ರಾಬ್ ಮೋದಿ ಮಾಡಿದ 'ಸಿಕಂದರ್' ನೋಡದವರು ದಯವಿಟ್ಟು ನೋಡಿ. ಮೋದಿ ಪೋರಸ್, ಪೃಥ್ವಿರಾಜ್ ಕಪೂರ್ ಸಿಕಂದರ್. ಯುದ್ಧಕಾಲದ ಬ್ರಿಟಿಷ್ ಭಾರತದಲ್ಲಿ ಹೊರಗಿನಿಂದ ಬಂದವನಿಗೆ ಎದೆಯೊಡ್ಡಿ ನಿಲ್ಲುವ ರಾಜನ ಆ ಮಾತುಗಳನ್ನು ಕೇಳಿದ ಪ್ರೇಕ್ಷಕರಿಗೆ ಅದು ಹಳೇ ಗ್ರೀಸಿನ ಕತೆಯಾಗಿ ಕೇಳಿಸಿರಲಾರದು. ಮುಂದೆ 1965ರ 'ಸಿಕಂದರ್-ಎ-ಆಜಮ್' ಚಿತ್ರದಲ್ಲಿ ದಾರಾ ಸಿಂಗ್ ಸಿಕಂದರ್ ಆದರು, ಅದೇ ಪೃಥ್ವಿರಾಜ್ ಕಪೂರ್ ಪೋರಸ್ ಆದರು. ಒಬ್ಬನೇ ನಟ ಎರಡು ದಡದಲ್ಲೂ ನಿಂತ!

ಪುಸ್ತಕದಲ್ಲಿ ನನ್ನ ಆಯ್ಕೆ ಮೇರಿ ರೆನೋ ಅವರ 'ದಿ ಪರ್ಷಿಯನ್ ಬಾಯ್', 1972ರದ್ದು. ಹೇಳುವವನು ಬಗೋವಾಸ್. ದಾರಿಯುಶನ ಅರಮನೆಯಿಂದ ಅಲೆಕ್ಸಾಂಡರನ ಡೇರೆಗೆ ಬಂದ ಪರ್ಷಿಯಾದ ನಪುಂಸಕ ಹುಡುಗ. ಪ್ಲುಟಾರ್ಕ್, ಕರ್ಟಿಯಸ್ ಇಬ್ಬರಲ್ಲೂ ಅವನು ಬರುವುದು ಕೆಲವೇ ಸಾಲುಗಳಲ್ಲಿ. ರೆನೋ ಆ ಕೆಲವು ಸಾಲಿನವನ ಕೈಗೆ ಇಡೀ ಕಾದಂಬರಿ ಕೊಟ್ಟರು. ಗೆದ್ದು ಬಂದ ಮ್ಯಾಸಿಡೋನಿಯನ್ನರು ಅವನ ಕಣ್ಣಿಗೆ ಸ್ನಾನ, ಊಟ, ನಡೆನುಡಿ ಯಾವುದರಲ್ಲೂ ನಯವಿಲ್ಲದ ಜನ. ರೆನೋ ಅಲೆಕ್ಸಾಂಡರನನ್ನು ಅತಿಯಾಗಿ ಪ್ರೀತಿಸಿದ್ದಾರೆ ಎಂಬ ಟೀಕೆ ಸರಿಯೇ. ಆದರೆ ಪ್ರೀತಿಸುತ್ತಿರುವವನು ಬಗೋವಾಸ್ ಎಂದು ಪ್ರತಿ ಪುಟದಲ್ಲೂ ನಮಗೆ ಗೊತ್ತಿರುತ್ತದೆ. ಸ್ಟೋನ್‌ನ ಚಿತ್ರದಲ್ಲಿ ಅದೇ ಬಗೋವಾಸ್ ಹೆಚ್ಚುಕಡಿಮೆ ಮೂಕನಂತೆ ಓಡಾಡುತ್ತಾನೆ.

ಇರಾನಿನ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ. ಜರತುಷ್ಟ್ರ ಧರ್ಮದವರ ಪಹ್ಲವಿ (ಹಳೆಯ ಪರ್ಷಿಯಾದ ಭಾಷೆ) ಗ್ರಂಥಗಳಲ್ಲಿ ಅಲೆಕ್ಸಾಂಡರ್ ಪವಿತ್ರ ಗ್ರಂಥ ಸುಟ್ಟ ಶಾಪಗ್ರಸ್ತ. 1010ರ ಸುಮಾರಿಗೆ ಇರಾನಿನ ರಾಜರ ಮಹಾಕಾವ್ಯ ಶಾಹ್‌ನಾಮೆ ಮುಗಿಸಿದ ಕವಿ ಫಿರ್ದೌಸಿಯಲ್ಲಿ ಅವನೇ ಇರಾನಿನ ರಾಜನ ಮಗ, ದಾರಾನ (ದಾರಿಯುಶನ) ಮಲಅಣ್ಣ. ಇವೆರಡನ್ನೂ ಕೂಡಿಸಿ ಒಂದು ಒಳ್ಳೆಯ ಸಿನಿಮಾ ಯಾರಾದರೂ ಮಾಡಬಾರದೇ ಎಂದು ನನಗೆ ಆಸೆ.

ಹೊಸದಾಗಿ ಶುರು ಮಾಡುವವರು ಏರಿಯನ್‌ನ ಐದನೇ ಪುಸ್ತಕದಿಂದ ಶುರು ಮಾಡಿ, ಝೇಲಂ ಅಲ್ಲೇ ಇದೆ. ಸ್ಟೋನ್‌ನದು ನೋಡುವುದಾದರೆ ಮೂರೂವರೆ ಗಂಟೆಯ 2007ರ ರೂಪವನ್ನೇ ನೋಡಿ. ಇಷ್ಟೆಲ್ಲ ಆದ ಮೇಲೂ ನನಗೆ ಬೇಕಾದ ಸಿನಿಮಾ ಇನ್ನೂ ಬಂದಿಲ್ಲ. ತಕ್ಷಶಿಲೆಯ ರಾಜ ಓಡಿಬಂದ ಮೇಲೆ ಅಲೆಕ್ಸಾಂಡರ್ ಒಬ್ಬರ ಹಿಂದೆ ಒಬ್ಬರನ್ನು ಕಳಿಸುತ್ತಾನೆ. ಕೊನೆಗೆ ಹೋದವನು ಮೆರೊಯಸ್ ಎಂಬ ಭಾರತೀಯ, ಪೋರಸ್‌ನ ಹಳೇ ಗೆಳೆಯ. ಅವನ ಮಾತಿಗೆ ಪೋರಸ್ ಆನೆ ನಿಲ್ಲಿಸಿ, ಇಳಿದು, ನೀರು ಕುಡಿದ. ಈ ಗೆಳೆಯ ಆ ದಿನ ಅಲೆಕ್ಸಾಂಡರನ ಪಾಳೆಯದಲ್ಲಿ ಯಾಕಿದ್ದ ಎಂದು ಏರಿಯನ್ ಹೇಳುವುದಿಲ್ಲ. ಮುಂದಿನ ಸಿನಿಮಾ ಮಾಡುವವರು ಕತೆಯನ್ನು ಇವನ ಬಾಯಿಂದ ಹೇಳಿಸಲಿ.