40 ದಿನದ ಮರಿ ತರಬೇಡಿ
ತಾಯಿ ಹಾಲು ಕುಡಿಯೋದು ಬಿಟ್ಟರೆ ಸಾಕು, 40 ದಿನಕ್ಕೇ ನಾಯಿಮರಿ ತರಬಹುದು ಅಂತ ಒಂದು ಲೇಖನದಲ್ಲಿ ಓದಿದೆ. ದಯವಿಟ್ಟು 56 ದಿನ ತುಂಬಲಿ. 2017ರ ಕೇಂದ್ರ ನಿಯಮದ ಪ್ರಕಾರ 8 ವಾರಕ್ಕಿಂತ ಚಿಕ್ಕ ಮರಿ ಮಾರುವಂತೆಯೇ ಇಲ್ಲ. ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತೆ ಅನ್ನೋದನ್ನ ಮರಿ ಕಲಿಯೋದು ಒಡಹುಟ್ಟಿದ ಮರಿಗಳ ಜೊತೆ ಆಡುವಾಗ. ಬೇಗ ಅಗಲಿಸಿದರೆ ಆ ಪಾಠ ಅರ್ಧಕ್ಕೇ ನಿಲ್ಲುತ್ತೆ, ಆಮೇಲೆ ಮನೆ ಮಕ್ಕಳ ಕೈಗೆ ಹಲ್ಲು. ತಾಯಿ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಇಳಿಯೋದೂ ಇದೇ ಹೊತ್ತಿಗೆ, ಪಾರ್ವೊ (ಮರಿಗಳಿಗೆ ವಾಂತಿ-ಭೇದಿ ತರುವ ವೈರಸ್ ರೋಗ) ಹಿಡಿಯೋದು ಆಗಲೇ. 6–8 ವಾರಕ್ಕೆ ಮೊದಲ ಲಸಿಕೆ, 16 ವಾರದವರೆಗೆ 3–4 ವಾರಕ್ಕೊಮ್ಮೆ ಮತ್ತೆ, 3 ತಿಂಗಳಿಗೆ ರೇಬೀಸ್. ನಮ್ಮ ರಾಯಚೂರಿನ ಮೇ ಬಿಸಿಲಲ್ಲಂತೂ ಮಧ್ಯಾಹ್ನ ಡಬ್ಬಿಯಲ್ಲಿಟ್ಟು ತರಲೇಬೇಡಿ, ನಸುಕಿಗೇ ಹೊರಡಿ. ಆಕಳ ಹಾಲು ಹಾಕಿದರೆ ಭೇದಿ ಆಗಬಹುದು. ಮೊದಲ ವಾರ ಮರಿ ಹುಟ್ಟಿದ ಜಾಗದಲ್ಲಿ ತಿನ್ನುತ್ತಿದ್ದುದನ್ನೇ ದಿನಕ್ಕೆ 4 ಸಲ ಕೊಡಿ.